ಉತ್ತೀರ್ಣರಾದ ಮಕ್ಕಳಿಗೆ ಉಡುಗೊರೆ: ಒಂದು ಜಿಜ್ಞಾಸೆ

ವೈಶಾಖವು ದಾನಕ್ಕೆ ಪ್ರಶಸ್ತವಾದ ಮಾಸವೆಂಬುದು ಆಸ್ತಿಕ ಬಂಧುಗಳಿಗೆಲ್ಲ ವಿದಿತವೇ ಆಗಿದೆ. ಅಕ್ಷಯ ತೃತೀಯೆಯಂದು ಉದಕುಂಭ, ಬಿಸಿಲು ಏರಿದ ದಿನಗಳಲ್ಲಿ ಬೀಸಣಿಗೆ, ಕೊಡೆ, ಪಾದರಕ್ಷೆ, ನರಸಿಂಹ ಜಯಂತಿಗೆ ಪಾನಕ, ಕೋಸಂಬರಿ, ಬಾಯಾರಿ ಬಂದವನಿಗೆ ನೀರು ಮಜ್ಜಿಗೆ, ಹೀಗೆ ಏನನ್ನು, ಯಾವಾಗ, ಯಾರಿಗೆ ಕೊಡಬೇಕೆಂಬುದನ್ನು ಹಿರಿಯರು ನಿಶ್ಚಯಿಸಿ ಇಟ್ಟುಹೋಗಿದ್ದಾರೆ. ಅಲ್ಲಿ ನಮಗೆ ಗೊಂದಲವಿಲ್ಲ. ಆದರೆ ಇದೇ ಮಾಸದ ಆಸುಪಾಸಿನಲ್ಲಿ ಪಂಚಾಂಗದಲ್ಲಿ ಕಾಣದ ಇನ್ನೊಂದು ಕೊಡುಗೆಯ ಕಾಲವೂ ಒದಗುತ್ತದೆ. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುತ್ತದೆ. ಅದೇ ದಿನಗಳಲ್ಲಿ ಉಪನಯನ, ವಿವಾಹಗಳೂ ಕೂಡಿಬರುವುದರಿಂದ ಬೆಂಗಳೂರು ಮುಂಬಯಿಗಳಲ್ಲಿರುವ ಬಂಧುಗಳು ಊರಿಗೆ ಬರುತ್ತಾರೆ. ತೇರ್ಗಡೆಯಾದ ಮಗು ಚಾವಡಿಯಲ್ಲಿ ಕುಳಿತ ಹಿರಿಯರ ಮುಂದೆ ಬಂದು ನಮಸ್ಕರಿಸುತ್ತದೆ. ಆಶೀರ್ವಾದದ ಮಾತು ಬಾಯಲ್ಲಿರುವಾಗಲೇ ನಮ್ಮ ಕೈ ಜೇಬಿಗೆ ಹೋಗುತ್ತದೆ. ಎಷ್ಟು ಕೊಡಬೇಕು?

"ಇದೇನು ಮಹಾ ಪ್ರಶ್ನೆ? ಕೈಗೆ ಬಂದಷ್ಟು ಕೊಟ್ಟರಾಯಿತು" ಎಂದು ಕೆಲವರು ಹೇಳಿಯಾರು. ಹಿಂದೊಮ್ಮೆ ನಾವೂ ಹಾಗೆಯೇ ತಿಳಿದಿದ್ದೆವು. ಏಕಾದಶಿಯ ನಿರ್ಣಯ, ಚಾತುರ್ಮಾಸ್ಯದ ನಿಯಮಗಳು ಬರುವ ಈ ಪುಟಗಳಲ್ಲಿ ಲಕೋಟೆಯೊಳಗಿನ ನೋಟಿನ ವಿಚಾರವನ್ನು ಬರೆಯುವುದು ತಕ್ಕುದೇ ಎಂಬ ಸಂಕೋಚವೂ ಇತ್ತು. ಆದರೆ ಧರ್ಮಸೂಕ್ಷ್ಮವು ಯಾಗಶಾಲೆಯಲ್ಲಿ ಮಾತ್ರ ಎದುರಾಗುವುದೆಂದು ತಿಳಿಯಬೇಕಾಗಿಲ್ಲ. ನಾವು ಎಡವಿದ್ದು ನಮ್ಮ ಮನೆಯ ಚಾವಡಿಯಲ್ಲಿಯೇ. ಆದ್ದರಿಂದ ಮೊದಲು ನಮ್ಮ ತಪ್ಪನ್ನೇ ನಿವೇದಿಸಿಕೊಳ್ಳುತ್ತೇವೆ.

ಏಳೆಂಟು ವರ್ಷಗಳ ಹಿಂದಿನ ಮಾತು. ವಂಡ್ಸೆಯಲ್ಲಿ ಚಕ್ರಾ ನದಿಗೆ ಸಮೀಪವಾಗಿರುವ ನಮ್ಮ ಮೂಲಮನೆಯಲ್ಲಿ ಒಂದು ಉಪನಯನ. ಆ ವರ್ಷ ಕುಟುಂಬದ ಇಬ್ಬರು ಮಕ್ಕಳು ಎಸ್.ಎಸ್.ಎಲ್.ಸಿ. ಮುಗಿಸಿದ್ದರು. ಒಬ್ಬ ನಮ್ಮ ಅಣ್ಣನವರ ಮಗ. ಬೆಂಗಳೂರಿನಲ್ಲಿ ಓದಿದವನು, 625ಕ್ಕೆ 611 ಅಂಕಗಳನ್ನು ಪಡೆದಿದ್ದ. ಇನ್ನೊಬ್ಬಳು ತಂಗಿಯ ಮಗಳು. ಊರಿನ ಶಾಲೆಯಲ್ಲೇ ಓದಿ 342 ಅಂಕಗಳಿಂದ ತೇರ್ಗಡೆಯಾಗಿದ್ದಳು. ಅಣ್ಣನವರಿಗೆ ದೊಡ್ಡ ಉದ್ಯೋಗ. ತಂಗಿಯ ಯಜಮಾನರದು ಅಡುಗೆಯ ವೃತ್ತಿ. ಮದುವೆ ಮುಂಜಿಗಳ ಕಾಲದಲ್ಲಿ ಬಿಡುವಿಲ್ಲದ ಕೆಲಸ, ಮಳೆಗಾಲ ಹಿಡಿಯಿತೆಂದರೆ ಮನೆಯಲ್ಲೇ ಕುಳಿತಿರಬೇಕು.

ಬ್ರಹ್ಮೋಪದೇಶ ಮುಗಿದು, ಊಟಕ್ಕೆ ಎಲೆ ಹಾಕುವ ಮೊದಲು ಮಕ್ಕಳಿಬ್ಬರೂ ಒಬ್ಬರ ಹಿಂದೆ ಒಬ್ಬರು ಬಂದು ನಮಸ್ಕರಿಸಿದರು. ನಾವು ಹುಡುಗನ ಕೈಗೆ 5,001 ರೂಪಾಯಿಗಳ ಲಕೋಟೆಯನ್ನೂ ಹುಡುಗಿಯ ಕೈಗೆ 501 ರೂಪಾಯಿಗಳ ಲಕೋಟೆಯನ್ನೂ ಇಟ್ಟೆವು. ಲಕೋಟೆಗಳೇನೋ ಒಂದೇ ಬಗೆಯವು. ಆದರೆ ಮಕ್ಕಳ ಲೋಕದಲ್ಲಿ ಗುಟ್ಟೆಂಬುದುಂಟೆ? ಊಟ ಮುಗಿಯುವುದರೊಳಗೆ ಎರಡೂ ಲಕೋಟೆಗಳ ಲೆಕ್ಕ ಅಂಗಳದಲ್ಲಿ ಎಲ್ಲರಿಗೂ ತಿಳಿದುಹೋಗಿತ್ತು.

ಆಗ ನಮ್ಮ ಮನಸ್ಸಿನಲ್ಲಿದ್ದುದನ್ನು ಮುಚ್ಚಿಡುವುದಿಲ್ಲ. ಹೆಚ್ಚು ಅಂಕ ಬಂದವನಿಗೆ ಹೆಚ್ಚು ಕೊಡಬೇಕೆಂಬುದು ಒಂದು. ಎರಡು ವರ್ಷಗಳ ಹಿಂದೆ ನಮ್ಮ ಮಗ ಪಿ.ಯು.ಸಿ. ಮುಗಿಸಿದಾಗ ಅಣ್ಣನವರು 5,000 ರೂಪಾಯಿ ಕೊಟ್ಟಿದ್ದರು. ಅದಕ್ಕೆ ಕಡಿಮೆಯಾಗಬಾರದೆಂಬುದು ಎರಡು. ಅತ್ತಿಗೆಯವರ ತವರಿನವರು ಎದುರಿಗೇ ಕುಳಿತಿದ್ದರೆಂಬುದು ಮೂರು. ಇದು ಮಾತ್ರ ಆ ಹೊತ್ತಿನಲ್ಲಿ ನಮಗೇ ಗೋಚರಿಸಿರಲಿಲ್ಲ. ತಂಗಿಯ ಮಗಳ ವಿಷಯದಲ್ಲಿ ನಾವು ಯಾವ ಆಲೋಚನೆಯನ್ನೂ ಮಾಡಿರಲಿಲ್ಲ. ಸಾಮಾನ್ಯವಾಗಿ ಮಕ್ಕಳಿಗೆ ಕೊಡುವಷ್ಟನ್ನು ಕೊಟ್ಟೆವು, ಅಷ್ಟೆ.

ಹದಿನೈದು ದಿನ ಕಳೆದು ತಂಗಿಯ ಮನೆಗೆ ಹೋದಾಗ, ಕಾಲೇಜಿಗೆ ಅರ್ಜಿ ಹಾಕಿ ಆಯಿತೇ ಎಂದು ವಿಚಾರಿಸಿದೆವು. ಹಾಕಿರಲಿಲ್ಲ. ಕುಂದಾಪುರದ ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕೆ ಹೇಳಿಟ್ಟಿದ್ದರಂತೆ. ಆಗ ತಂಗಿಯು ಆಕ್ಷೇಪಣೆಯ ಧ್ವನಿಯಿಲ್ಲದೆಯೇ ಒಂದು ಮಾತನ್ನು ತಿಳಿಸಿದಳು. ಉಪನಯನದ ಮರುದಿನ ಯಾರೋ ಹುಡುಗಿಯನ್ನು ಮಾತಿಗೆಳೆದು, ಮಾವ ನಿನಗೇಕೆ ಅಷ್ಟು ಕಡಿಮೆ ಕೊಟ್ಟರೆಂದು ಕೇಳಿದರಂತೆ. ಅದಕ್ಕವಳು, "ಮಾವ ಕೊಟ್ಟದ್ದ್ ಸಮಾ ಇತ್ತ್. ನನ್ ಮಾರ್ಕೂ ಅಷ್ಟೇ ಅಲ್ದಾ?" ಎಂದಳಂತೆ.

ಅವಳು ಸಿಟ್ಟಾಗಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ. ಶಾಲೆಯವರು ಕೊಟ್ಟದ್ದು ಒಂದು ಅಂಕಪಟ್ಟಿ. ಸೋದರಮಾವ ಕೊಟ್ಟ ಲಕೋಟೆ ಎರಡನೆಯ ಅಂಕಪಟ್ಟಿ. ಎರಡೂ ಒಂದೇ ಮಾತನ್ನು ಹೇಳುತ್ತಿವೆಯೆಂದು ಆ ಮಗು ನಂಬಿತ್ತು. ಓದು ತನಗಲ್ಲವೆಂಬ ತೀರ್ಮಾನಕ್ಕೆ ಬರಲು ಬೇರೆ ಕಾರಣಗಳೂ ಇದ್ದಿರಬಹುದು. ಮನೆಯ ಸ್ಥಿತಿ ಇತ್ತು, ದಿನವೂ ಬಸ್ಸಿನಲ್ಲಿ ಹೋಗಿಬರುವ ಖರ್ಚಿತ್ತು. ಆದರೂ ಆ ತೀರ್ಮಾನಕ್ಕೆ ನಮ್ಮ ಮುದ್ರೆಯೂ ಬಿದ್ದಿತ್ತೆಂಬುದನ್ನು ನಾವು ಅಲ್ಲಗಳೆಯಲಾರೆವು.

ಮರುದಿನವೇ ಹಣ ತೆಗೆದುಕೊಂಡು ಹೋದೆವು. ತಂಗಿ ಮುಟ್ಟಲಿಲ್ಲ. "ಈಗ ಕೊಟ್ರೆ ಅದ್ ಉಡುಗೊರೆ ಆತಿಲ್ಲ ಅಣ್ಣ, ದಂಡ ಕಟ್ಟಿದ ಹಾಂಗ್ ಆತ್ತ್" ಎಂದಳು. ನಾವು ಓದಿಕೊಂಡ ಯಾವ ಗ್ರಂಥದಲ್ಲಿಯೂ ಇದಕ್ಕೆ ಒಡನೆ ಉತ್ತರ ದೊರೆಯಲಿಲ್ಲ. ಕೊನೆಗೆ ದಾರಿ ತೋರಿಸಿದವರು ನಮ್ಮ ತಾಯಿಯವರು. ಅದನ್ನು ಮುಂದೆ ಹೇಳುತ್ತೇವೆ.

ವಂಡ್ಸೆಯಂಥ ಊರಿನವರಿಗೆ ಹತ್ತನೆಯ ತರಗತಿ ಮುಗಿಸಿದ ಮಗುವಿನ ಮುಂದಿರುವ ದಾರಿ ಎಷ್ಟು ಮುಖ್ಯವಾದುದೆಂಬುದನ್ನು ಇಲ್ಲಿ ನೆನೆಯಬೇಕು. ವಿಜಯದಶಮಿಯಂದು ಅಕ್ಷರಾಭ್ಯಾಸಕ್ಕಾಗಿ ಮಕ್ಕಳನ್ನು ಕೊಲ್ಲೂರಿಗೆ ಕರೆದೊಯ್ಯುವವರು ನಮ್ಮೂರ ಮೇಲಿನಿಂದಲೇ ಹೋಗುತ್ತಾರೆ. ಓದಿನ ಆರಂಭಕ್ಕೆ ಆ ದಾರಿ. ಓದಿನ ಮುಂದುವರಿಕೆಗೆ ಹೆಮ್ಮಾಡಿಯ ಕಡೆಗೆ ಇಳಿಯುವ ದಾರಿ. ಹಿಂದೆ ಮುಂದಕ್ಕೆ ಓದುವುದೆಂದರೆ ಊರು ಬಿಡುವುದೆಂದೇ ಅರ್ಥವಾಗಿತ್ತು. ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ತೆರೆದದ್ದು 1949ರಲ್ಲಿ. ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಆರಂಭವಾದದ್ದು 1963ರಲ್ಲಿ. ಅದಕ್ಕೂ ಮೊದಲು ಮಂಗಳೂರು, ಇಲ್ಲವೇ ಇನ್ನೂ ದೂರ. ಅಷ್ಟು ಅನುಕೂಲವಿಲ್ಲದ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಹೋಗಿ, ಹಗಲು ಲೋಟ ತಟ್ಟೆ ತೊಳೆದು ಅಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಗದ್ದೆಗಳು ಉಳುವವರ ಪಾಲಾದವು. ಅದರ ನ್ಯಾಯಾನ್ಯಾಯಗಳ ಚರ್ಚೆ ಇಲ್ಲಿ ಬೇಡ. ಆ ಮೇಲೆ ಗೇಣಿಯ ಅಕ್ಕಿಮುಡಿಗಳನ್ನೇ ನಂಬಿದ್ದ ಕುಟುಂಬಗಳಿಗೆ ವಿದ್ಯೆಯೊಂದೇ ಆಸ್ತಿಯಾಗಿ ಉಳಿಯಿತೆಂಬುದಷ್ಟೇ ಪ್ರಕೃತಕ್ಕೆ ಬೇಕಾದದ್ದು.

ಆ ಕಾಲದಲ್ಲಿ ಲಕೋಟೆಯ ಉಡುಗೊರೆಯೆಂಬುದು ಇರಲಿಲ್ಲ. ಓದುವ ಹುಡುಗನಿಗೆ ಸಮಾಜ ಕೊಟ್ಟದ್ದು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ. ನಮ್ಮ ತೀರ್ಥರೂಪರು ಉಡುಪಿಯಲ್ಲಿ ಹೀಗೆ ಉಂಡು ಓದಿದವರು. ವಾರಾನ್ನವನ್ನು ಈಗ ಕೆಲವರು ಸುವರ್ಣಯುಗದಂತೆ ವರ್ಣಿಸುವುದುಂಟು. ತೀರ್ಥರೂಪರು ಹಾಗೆ ವರ್ಣಿಸುತ್ತಿರಲಿಲ್ಲ. ಒಂದು ಮನೆಯಲ್ಲಿ ಎಲ್ಲರ ಊಟವೂ ಮುಗಿದ ಮೇಲೆ ಇವರಿಗೆ ಎಲೆ ಹಾಕುತ್ತಿದ್ದರು. ಇನ್ನೊಂದು ಮನೆಯಲ್ಲಿ ಆ ಮನೆಯ ಮಕ್ಕಳ ಸಾಲಿನಲ್ಲೇ ಕುಳ್ಳಿರಿಸಿ, ಕೇಳದೆಯೇ ಅನ್ನದ ಮೇಲೆ ತುಪ್ಪ ಹಾಕುತ್ತಿದ್ದರು. ಅನ್ನವು ಎರಡೂ ಕಡೆ ಹೊಟ್ಟೆ ತುಂಬುವಷ್ಟೇ ಇತ್ತು. ಎರಡನೆಯ ಮನೆಯ ಹೆಸರನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು. ಮೊದಲನೆಯ ಮನೆಯ ಹೆಸರು ನಮಗೆ ಇಂದಿಗೂ ತಿಳಿಯದು. ಯಾವ ಮನೆಯವರೂ ಇವರ ಅಂಕಗಳನ್ನು ಕೇಳಿದ್ದಿಲ್ಲವಂತೆ.

ಇನ್ನು ವಿಚಾರಕ್ಕೆ ಬರೋಣ. ಲಕೋಟೆಯಲ್ಲಿ ಎಷ್ಟು ಇಡಬೇಕೆಂದು ನಿಶ್ಚಯಿಸುವಾಗ ನಮ್ಮಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದು ಮುಯ್ಯಿಯ ಬುದ್ಧಿ. ಮದುವೆಯ ಮನೆಯಲ್ಲಿ ಪುಸ್ತಕ ಹಿಡಿದು ಕುಳಿತು ಯಾರು ಎಷ್ಟು ಹಾಕಿದರೆಂದು ಬರೆಯುವ ಕ್ರಮವುಂಟಷ್ಟೆ. ಮುಯ್ಯಿಯನ್ನು ನಾವು ಹಳಿಯುವುದಿಲ್ಲ. ಮದುವೆಯ ಖರ್ಚನ್ನು ಬಂಧುಗಳೆಲ್ಲರೂ ಹಂಚಿಕೊಂಡು ಹೊರುವ ಉಪಾಯವದು. ಇಂದು ನಾನು, ನಾಳೆ ನೀನು. ಅದು ಸಾಲದಂತೆಯೇ ಸರಿಯಾದ ವ್ಯವಹಾರ. ಆದರೆ ಅದನ್ನು ದಾನವೆಂದೋ ಆಶೀರ್ವಾದವೆಂದೋ ಕರೆದರೆ ಮೋಸ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಮರಳಿ ಉಪಕಾರ ಮಾಡಲಾರದವನಿಗೆ, ಕೊಡುವುದು ಕರ್ತವ್ಯವೆಂಬ ಬುದ್ಧಿಯಿಂದ, ದೇಶ ಕಾಲ ಪಾತ್ರಗಳನ್ನರಿತು ಕೊಟ್ಟದ್ದು ಸಾತ್ತ್ವಿಕ. ಪ್ರತಿಫಲವನ್ನು ನಿರೀಕ್ಷಿಸಿ, ಅಥವಾ ಮನಸ್ಸಿನಲ್ಲಿ ಕುದಿಯುತ್ತ ಕೊಟ್ಟದ್ದು ರಾಜಸ. ಅಕಾಲದಲ್ಲಿ, ಅಪಾತ್ರನಿಗೆ, ಅನಾದರದಿಂದ ಕೊಟ್ಟದ್ದು ತಾಮಸ. ನಮ್ಮ ಎರಡು ಲಕೋಟೆಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದೆವು. ಅಣ್ಣನವರ ಮಗನಿಗೆ ಕೊಟ್ಟದ್ದು ಸ್ಪಷ್ಟವಾಗಿ ರಾಜಸ. ಅಲ್ಲಿ ಹಳೆಯ ಲೆಕ್ಕದ ತೀರಿಕೆಯಿತ್ತು. ತಂಗಿಯ ಮಗಳಿಗೆ ಕೊಟ್ಟದ್ದು? ಬಾಯಲ್ಲಿ ಆಶೀರ್ವಾದವಿತ್ತು, ಮನಸ್ಸಿನಲ್ಲಿ ಅವಳಿರಲಿಲ್ಲ. ಅನಾದರವೆಂದರೆ ಬಯ್ದು ಕೊಡುವುದೊಂದೇ ಅಲ್ಲ.

ಭಾಗವತದ ಅಷ್ಟಮ ಸ್ಕಂಧದಲ್ಲಿ ಶುಕ್ರಾಚಾರ್ಯರು ಬಲಿಗೆ ಹೇಳುವ ಒಂದು ಲೆಕ್ಕವೂ ಇಲ್ಲಿ ಉಪಯುಕ್ತ. ಗೃಹಸ್ಥನು ತನ್ನ ಧನವನ್ನು ಐದು ಪಾಲು ಮಾಡಬೇಕಂತೆ: ಧರ್ಮಕ್ಕೆ, ಯಶಸ್ಸಿಗೆ, ಅರ್ಥದ ವೃದ್ಧಿಗೆ, ತನ್ನ ಸುಖಕ್ಕೆ, ಸ್ವಜನರಿಗೆ. ವಾಮನನಿಗೆ ದಾನ ಕೊಡುವುದನ್ನು ತಪ್ಪಿಸಲೆಂದು ಆಡಿದ ಮಾತಾದ್ದರಿಂದ ಆ ಸಂದರ್ಭದಲ್ಲಿ ಅದಕ್ಕೆ ಬೆಲೆಯಿಲ್ಲ, ಬಲಿಯೂ ಕೇಳಲಿಲ್ಲ. ಆದರೆ ಮನೆವಾರ್ತೆಯ ಹಂಚಿಕೆಯಾಗಿ ನೋಡಿದರೆ ಅದರಲ್ಲೊಂದು ಸೂಕ್ಷ್ಮವಿದೆ. ಯಶಸ್ಸಿನ ಪಾಲೇ ಬೇರೆ, ಸ್ವಜನರ ಪಾಲೇ ಬೇರೆ. ನಾಲ್ಕು ಜನರ ಮುಂದೆ ಹೆಸರು ಉಳಿಸಿಕೊಳ್ಳಲು ಕೊಡುವುದಿದ್ದರೆ ಅದು ನಮ್ಮ ಯಶಸ್ಸಿನ ಬಾಬ್ತು. ಅದನ್ನು ಸ್ವಜನರ ಖಾತೆಗೆ ಬರೆದುಕೊಂಡು, ನಾವು ಬಂಧುಗಳಿಗಾಗಿ ಇಷ್ಟು ಮಾಡಿದೆವೆಂದು ತೃಪ್ತಿಪಟ್ಟುಕೊಳ್ಳುವುದು ತಪ್ಪು ಲೆಕ್ಕ. ನಮ್ಮ ಆ 5,001 ರೂಪಾಯಿಗಳಲ್ಲಿ ಸ್ವಜನರ ಪಾಲು ಎಷ್ಟಿತ್ತೆಂದು ಕೇಳಿದರೆ, ಒಂದು ರೂಪಾಯಿಯ ನಾಣ್ಯದಷ್ಟು ಇದ್ದಿರಬಹುದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "ಹೆಚ್ಚು ಶ್ರಮಪಟ್ಟವನಿಗೆ ಹೆಚ್ಚು ಕೊಡುವುದು ನ್ಯಾಯವಲ್ಲವೇ? ಎಲ್ಲರಿಗೂ ಒಂದೇ ಎಂದರೆ ಪ್ರತಿಭೆಗೆ ಬೆಲೆಯೇನು?" ಎಂದು. ನಮ್ಮ ಬಂಧುಗಳೊಬ್ಬರು ಇನ್ನೂ ಮುಂದೆ ಹೋಗಿ, "ತಾರತಮ್ಯವು ನಮ್ಮ ಸಿದ್ಧಾಂತವೇ ಅಲ್ಲವೇ? ಜೀವರಲ್ಲಿ ತಾರತಮ್ಯವಿದ್ದ ಮೇಲೆ ಲಕೋಟೆಯಲ್ಲಿ ಏಕಿರಬಾರದು?" ಎಂದರು. ವಿನೋದಕ್ಕೆ ಹೇಳಿದರೋ ನಿಜವಾಗಿ ಹೇಳಿದರೋ ತಿಳಿಯದು. ಆದರೆ ಈ ಮಾತನ್ನು ಸುಮ್ಮನೆ ಬಿಡುವಂತಿಲ್ಲ. ಶ್ರೀಮದಾಚಾರ್ಯರು ಪ್ರತಿಪಾದಿಸಿದ ತಾರತಮ್ಯವು ಜೀವಸ್ವರೂಪಕ್ಕೆ ಸಂಬಂಧಿಸಿದ್ದು. ಅದನ್ನು ಬಲ್ಲವನು ಶ್ರೀಹರಿ. ಎದುರಿಗೆ ನಿಂತ ಹದಿನಾರರ ಮಗುವಿನ ಸ್ವರೂಪಯೋಗ್ಯತೆಯನ್ನು 625 ಅಂಕಗಳ ಪಟ್ಟಿಯಿಂದ ನಾವು ಅಳೆದೆವೆಂದರೆ ಅದು ಸಿದ್ಧಾಂತವಲ್ಲ, ಸಾಹಸ. ಅದೂ ಅಲ್ಲದೆ, ತಾರತಮ್ಯವನ್ನು ವಿವರಿಸುವಾಗ ನಮ್ಮ ಪ್ರವಚನಕಾರರು ಪಾತ್ರೆಗಳ ದೃಷ್ಟಾಂತವನ್ನು ಹೇಳುವುದನ್ನು ವಾಚಕರು ಕೇಳಿದ್ದೀರಿ. ತಂಬಿಗೆ, ಕೊಡ, ಕೆರೆ, ಹೊಳೆ ಇವುಗಳ ಅಳತೆ ಬೇರೆ ಬೇರೆ. ಮೋಕ್ಷದಲ್ಲಿ ಪ್ರತಿಯೊಂದೂ ತನ್ನ ಅಳತೆಗೆ ತಕ್ಕಂತೆ ಪೂರ್ಣವೇ. ಅಲ್ಲಿ ಯಾವ ತಂಬಿಗೆಯೂ ಅರ್ಧ ತುಂಬಿ ನಿಲ್ಲುವುದಿಲ್ಲ. ದೃಷ್ಟಾಂತವನ್ನು ತೆಗೆದುಕೊಳ್ಳುವುದೇ ಆದರೆ ಪೂರ್ತಿಯಾಗಿ ತೆಗೆದುಕೊಳ್ಳಬೇಕು.

ಪ್ರತಿಭೆಗೆ ಬೆಲೆ ಕೊಡಬಾರದೆಂದು ನಾವು ಹೇಳುತ್ತಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಅಂಕಗಳಿಗೆ ಗೌರವದ ಕೊರತೆಯೆಲ್ಲಿದೆ? 2024ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನದಲ್ಲಿತ್ತು. ಹೆಚ್ಚು ಅಂಕ ಗಳಿಸಿದವರ ಭಾವಚಿತ್ರಗಳು ಪೇಟೆಯ ಫ್ಲೆಕ್ಸುಗಳಲ್ಲಿ ಕಾಣುತ್ತವೆ. ಶಾಲೆಯವರು, ಸಂಘದವರು, ಬ್ಯಾಂಕಿನವರು ಪ್ರತಿಭಾ ಪುರಸ್ಕಾರ ನೀಡುತ್ತಾರೆ. ಆ ಕೆಲಸಕ್ಕೆ ಲೋಕವೆಲ್ಲ ಇದೆ. ಸೋದರಮಾವನೂ ಅದನ್ನೇ ಮಾಡಿದರೆ, ಅವನು ಮಾತ್ರ ಮಾಡಬಹುದಾದ ಕೆಲಸವನ್ನು ಮಾಡುವವರು ಯಾರು? ಉಡುಪಿಯ ಯಕ್ಷಗಾನ ಕಲಾರಂಗದವರು 2005ರಿಂದ ವಿದ್ಯಾಪೋಷಕ್ ಎಂಬ ಹೆಸರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ನೆರವು ನೀಡುತ್ತ ಬಂದಿದ್ದಾರೆ. ಅವರು ವಿದ್ಯಾರ್ಥಿಗಳ ಮನೆಗೇ ಹೋಗಿ ಸ್ಥಿತಿಗತಿಯನ್ನು ಕಣ್ಣಾರೆ ನೋಡುತ್ತಾರೆ. ಸಂಬಂಧವಿಲ್ಲದವರು ಮನೆಯ ಬಾಗಿಲಿಗೆ ಹೋಗಿ ವಿಚಾರಿಸುವಾಗ, ವರ್ಷಕ್ಕೆ ನಾಲ್ಕು ಬಾರಿ ಆ ಮನೆಯಲ್ಲಿ ಉಣ್ಣುವ ಬಂಧುಗಳಿಗೆ ಒಲೆಯ ಮೇಲಿನ ಪಾತ್ರೆಯ ಗಾತ್ರ ಕಾಣಿಸದೆ ಹೋಗುವುದೆಂದರೇನು!

ವಿದ್ಯೆ ಮುಗಿಸಿದವನಿಗೆ ಹಣ ಕೊಟ್ಟ ಪ್ರಸಂಗ ನಮ್ಮ ಸಾಹಿತ್ಯದಲ್ಲಿ ಪ್ರಸಿದ್ಧವಾಗಿರುವುದು ರಘುವಂಶದ ಐದನೆಯ ಸರ್ಗದಲ್ಲಿ. ವರತಂತು ಮುನಿಯ ಶಿಷ್ಯ ಕೌತ್ಸ. ಅಧ್ಯಯನ ಮುಗಿದ ಮೇಲೆ ಗುರುದಕ್ಷಿಣೆಯೇನೆಂದು ಕೇಳಿದ. ನಿನ್ನ ಭಕ್ತಿಯೇ ಸಾಕೆಂದರು ಗುರುಗಳು. ಶಿಷ್ಯ ಹಟ ಹಿಡಿದ. ಗುರುಗಳಿಗೆ ಸಿಟ್ಟು ಬಂದು, ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ತಾ ಎಂದರು. ಕೌತ್ಸ ರಘುವಿನ ಬಳಿಗೆ ಬಂದಾಗ ಆತ ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು, ಅತಿಥಿಗೆ ಅರ್ಘ್ಯ ಕೊಡಲು ಮಣ್ಣಿನ ಪಾತ್ರೆ ಮಾತ್ರ ಉಳಿದಿದ್ದ ಸ್ಥಿತಿಯಲ್ಲಿದ್ದ. ಕೊನೆಗೆ ಕುಬೇರನು ಕೋಶಾಗಾರದಲ್ಲಿ ಹೊನ್ನಿನ ಮಳೆ ಸುರಿಸಿದ. ರಘುವು ಅಷ್ಟನ್ನೂ ತೆಗೆದುಕೋ ಎಂದ. ಕೌತ್ಸನು ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಕವಡೆಯನ್ನೂ ಹೆಚ್ಚಿಗೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಅಯೋಧ್ಯೆಯ ಜನರು ಇಬ್ಬರನ್ನೂ ಕೊಂಡಾಡಿದರೆಂದು ಕವಿ ಹೇಳುತ್ತಾನೆ. ಇದರಲ್ಲಿ ನಮ್ಮ ಪ್ರಶ್ನೆಗೆ ಎರಡು ಉತ್ತರಗಳಿವೆಯೆಂದು ನಮಗೆ ತೋರುತ್ತದೆ. ಕೊಡುವ ಮೊತ್ತವು ಕೊಡುವವನ ವೈಭವದಿಂದ ನಿಶ್ಚಯವಾದದ್ದಲ್ಲ, ಕೌತ್ಸನ ಅಗತ್ಯದಿಂದ ನಿಶ್ಚಯವಾದದ್ದು. ಮತ್ತು ಅಂದಿನ ಸಂಪ್ರದಾಯದಲ್ಲಿ ಓದು ಮುಗಿಸಿದವನು ಕೊಡುವವನೇ ಹೊರತು ಕೊಡಿಸಿಕೊಳ್ಳುವವನಲ್ಲ. ಈಗ ಸಮಾವರ್ತನ ಸಂಸ್ಕಾರವು ಮದುವೆಯ ವಿಧಿಗಳೊಡನೆ ಸೇರಿಕೊಂಡು ಅರ್ಧ ಗಳಿಗೆಯಲ್ಲಿ ಮುಗಿಯುವುದರಿಂದ ಈ ಅಂಶ ನಮಗೆ ಮರೆತುಹೋಗಿದೆ.

ಕುಚೇಲನ ಕಥೆ ಎಲ್ಲರಿಗೂ ಗೊತ್ತಿರುವುದೇ. ಸಾಂದೀಪನಿಯ ಬಳಿ ಜೊತೆಯಾಗಿ ಓದಿದವರಲ್ಲಿ ಒಬ್ಬನು ದ್ವಾರಕೆಯ ಅಧಿಪತಿ, ಇನ್ನೊಬ್ಬನು ಹರಕು ಬಟ್ಟೆಯ ದರಿದ್ರ. ಹಿಡಿ ಅವಲಕ್ಕಿಯನ್ನು ರುಕ್ಮಿಣಿಯ ಎದುರಿಗೇ ಸಂಭ್ರಮದಿಂದ ತಿಂದ ಶ್ರೀಕೃಷ್ಣನು, ಮರಳಿ ಹೊರಟ ಗೆಳೆಯನ ಕೈಗೆ ಏನನ್ನೂ ಇಡಲಿಲ್ಲ. ಸಭೆ ಕರೆಯಲಿಲ್ಲ. ಕುಚೇಲನು ಬರಿಗೈಯಲ್ಲೇ ದಾರಿ ನಡೆದ. ಮನೆಗೆ ಬಂದ ಮೇಲೆಯೇ ತಿಳಿದದ್ದು. ಎಲ್ಲರ ಮುಂದೆ ಸ್ವೀಕರಿಸಿದ್ದು ಗೆಳೆಯನ ಕೊಡುಗೆಯನ್ನು. ಯಾರಿಗೂ ಕಾಣದಂತೆ ಮಾಡಿದ್ದು ತನ್ನ ಕೊಡುಗೆಯನ್ನು. ಹಬ್ಬಕ್ಕೆ ಅವಲಕ್ಕಿ ಕಲಸುವ ಮನೆಗಳಲ್ಲಿ ಇಷ್ಟನ್ನು ನೆನಪಿಟ್ಟುಕೊಳ್ಳುವುದು ಕಷ್ಟವಾಗಬಾರದು.

ನಮ್ಮ ತಾಯಿಯವರು ಗ್ರಂಥ ಓದಿ ವ್ಯಾಖ್ಯಾನ ಮಾಡಿದವರಲ್ಲ. ಆದರೆ ಮಾಡಿದ್ದು ಇದನ್ನೇ. ನಾವು ತಂದಿದ್ದ ಹಣವನ್ನು ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಮೊಮ್ಮಗಳನ್ನು ಕರೆಸಿದರು. "ನಂಗ್ ಈಗೀಗ ಅಕ್ಷರ ಸಮಾ ಕಾಂತಿಲ್ಲ ಮಗಾ. ದಿನಾ ಸಂಜೀಗ್ ಭಾಗವತ ಓದಿ ಹೇಳುಕೆ ಒಬ್ರ್ ಬೇಕ್. ನೀ ಇಲ್ಲೇ ಇದ್ಕಂಡ್ ಕಾಲೇಜಿಗ್ ಹೋಗ್" ಎಂದರು. ಫೀಸು, ಬಸ್ಸಿನ ಖರ್ಚು, ಪುಸ್ತಕ ಎಲ್ಲವೂ ಅಜ್ಜಿಯ ಪೆಟ್ಟಿಗೆಯಿಂದ. ಹುಡುಗಿಯು ದಾಕ್ಷಿಣ್ಯದ ಹೊರೆಯಿಲ್ಲದೆ ಬಂದು ನಿಂತಳು. ತಾನು ಅಜ್ಜಿಗೆ ಉಪಕಾರ ಮಾಡುತ್ತಿರುವೆನೆಂಬ ಹೆಮ್ಮೆಯೂ ಅವಳಿಗಿತ್ತು. ಎರಡು ವರ್ಷ ಸಂಜೆ ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ಅವಳ ಓದು ಕೇಳುತ್ತಿತ್ತು. ಮೊದಮೊದಲು ತಡವರಿಸುತ್ತಿದ್ದಳು, ಮಳೆಗಾಲ ಕಳೆಯುವುದರೊಳಗೆ ಒತ್ತಕ್ಷರಗಳು ಸಲೀಸಾದವು. ತಾಯಿಯವರ ಕಣ್ಣು ಆಗ ಸೂಜಿಗೆ ನೂಲು ಪೋಣಿಸುವಷ್ಟು ಚೆನ್ನಾಗಿತ್ತೆಂಬುದನ್ನು ಹೇಳಲೇಬೇಕು. ಇದು ಅನೃತವಾಗಲಿಲ್ಲವೇ ಎಂದು ಶಾಸ್ತ್ರಜ್ಞರು ಕೇಳಿದರೆ ಉತ್ತರ ಹೇಳಬೇಕಾದವರು ಈಗ ಇಲ್ಲ.

ಅಂದಿನಿಂದ ನಮ್ಮ ಕುಟುಂಬದಲ್ಲಿ ಒಂದು ಕ್ರಮವನ್ನು ಇಟ್ಟುಕೊಂಡಿದ್ದೇವೆ. ಇದೇ ಸರಿಯೆಂದು ಯಾರಿಗೂ ವಿಧಿಸುವುದಿಲ್ಲ. ಆಶೀರ್ವಾದದ ಉಡುಗೊರೆಯನ್ನೂ ಓದಿನ ನೆರವನ್ನೂ ಬೇರೆ ಬೇರೆ ಮಾಡಿದ್ದೇವೆ. ಆಶೀರ್ವಾದಕ್ಕೆ ಎಲ್ಲ ಮಕ್ಕಳಿಗೂ 501 ರೂಪಾಯಿ, ಫಲಮಂತ್ರಾಕ್ಷತೆಯೊಡನೆ, ಎಲ್ಲರ ಮುಂದೆ. ಅಂಕವೆಷ್ಟೆಂದು ಕೊಟ್ಟ ಮೇಲೆಯೇ ಕೇಳುವುದು. ಅನುತ್ತೀರ್ಣರಾದವರಿಗೂ ಅಷ್ಟೇ. ಇದಕ್ಕೆ ಅಣ್ಣನವರು ಮೊದಲು ಒಪ್ಪಲಿಲ್ಲ. ಸೋತವನಿಗೂ ಕೊಟ್ಟರೆ ಪರೀಕ್ಷೆಯೇ ಹಾಸ್ಯಾಸ್ಪದವಾಗುವುದೆಂದರು. ಹತ್ತು ವರ್ಷ ಶಾಲೆಗೆ ಹೋಗಿಬಂದ ಮಗುವಿಗೆ ಆ ಹತ್ತು ವರ್ಷಗಳೂ ಸುಳ್ಳಲ್ಲವೆಂದು ಹೇಳುವವರು ಬೇಡವೇ ಎಂದೆವು. ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿರುವುದರಿಂದ, ಮೊದಲನೆಯದರಲ್ಲಿ ಬಿದ್ದವನು ಎರಡನೆಯದಕ್ಕೆ ಪುಸ್ತಕ ಹಿಡಿದು ಕುಳಿತುಕೊಳ್ಳಬೇಕಾದ ದಿನಗಳೇ ಈ ಉಪನಯನ ಮದುವೆಗಳ ದಿನಗಳು. ಆಗ ಅವನನ್ನು ಕೋಣೆಯ ಮೂಲೆಯಲ್ಲಿ ಅಡಗುವಂತೆ ಮಾಡಿದರೆ ಅವನು ಓದುವುದಾದರೂ ಹೇಗೆ?

ನೆರವಿನ ವಿಷಯ ಬೇರೆ. ಅದಕ್ಕೆ ಸಮಾನತೆಯಿಲ್ಲ, ಅಗತ್ಯವಿದ್ದಲ್ಲಿ ಹೆಚ್ಚು, ಇಲ್ಲದಲ್ಲಿ ಏನೂ ಇಲ್ಲ. ಅದನ್ನು ಮಗುವಿನ ಕೈಗೆ ಕೊಡುವುದಿಲ್ಲ. ಕಾಲೇಜು ತೆರೆಯುವ ಮೊದಲು ತಾಯಿಯನ್ನೋ ಮನೆಯ ಹಿರಿಯರನ್ನೋ ಕಂಡು ವಿಚಾರಿಸಿ, ಯಾವುದಾದರೊಂದು ಬಾಬ್ತನ್ನು ಪೂರ್ತಿಯಾಗಿ ವಹಿಸಿಕೊಳ್ಳುವುದು. ಫೀಸು ದೊಡ್ಡದಾದರೆ ವಂಡ್ಸೆಯಿಂದ ಕುಂದಾಪುರಕ್ಕೆ ಹೋಗಿಬರುವ ಇಡೀ ವರ್ಷದ ಬಸ್ಸಿನ ಖರ್ಚನ್ನು. ಅದೂ ಆಗದಿದ್ದರೆ ಪುಸ್ತಕಗಳನ್ನು. ಮೊತ್ತವೊಂದನ್ನು ಕೊಟ್ಟರೆ ಅದು ಮನೆಯ ಸಾಲಕ್ಕೋ ಮಾಡಿನ ಹಂಚಿಗೋ ಕರಗಿಹೋಗುವುದುಂಟು. ಅದು ಅವರ ತಪ್ಪಲ್ಲ. ಈಗ ದೂರವಾಣಿಯ ಪರದೆ ಒತ್ತಿ ಕ್ಷಣಮಾತ್ರದಲ್ಲಿ ಹಣ ಕಳಿಸುವ ಸೌಕರ್ಯ ಬಂದಿದೆ. ಗುಟ್ಟಾಗಿ ಕೊಡುವುದಕ್ಕೆ ಇದು ಬಹಳ ಅನುಕೂಲ. ಆದರೆ ಕೆಲವರು ಕಳಿಸಿದ ಕೂಡಲೇ ಅದರ ಚಿತ್ರವನ್ನು ಕುಟುಂಬದ ಗುಂಪಿಗೂ ಹಾಕುತ್ತಾರೆ. ಅದಕ್ಕಿಂತ ಮದುವೆಮನೆಯ ಮುಯ್ಯಿಯ ಪುಸ್ತಕವೇ ಮೇಲು. ಅದನ್ನು ಓದುವವನು ಒಬ್ಬನೇ.

ಶಕ್ತಿಗೆ ಮೀರಿ ಕೊಡುವವರ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡಬೇಕು. ಸಾಲ ಮಾಡಿ ಲಕೋಟೆ ತುಂಬುವ ಬಂಧುಗಳು ನಮ್ಮಲ್ಲಿ ಅಪರೂಪವಲ್ಲ. ಆ ಉಪನಯನದ ದಿನ ತಂಗಿಯ ಯಜಮಾನರು ಅಣ್ಣನವರ ಮಗನಿಗೆ ಕೊಟ್ಟದ್ದು 51 ರೂಪಾಯಿ ಮತ್ತು ತಮ್ಮ ಕೈಯಿಂದಲೇ ಮಾಡಿದ ಹಲಸಿನ ಹಪ್ಪಳದ ಒಂದು ಕಟ್ಟು. ಅವರು ಕೊಡುವಾಗ ತಲೆ ತಗ್ಗಿಸಲಿಲ್ಲ. ಮೊನ್ನೆ ಆ ಹುಡುಗ, ಈಗ ಇಂಜಿನಿಯರನಾಗಿರುವವನು, ಊರಿಗೆ ಬಂದಿದ್ದಾಗ ನಾವು ಕೊಟ್ಟ 5,001 ರೂಪಾಯಿಗಳನ್ನು ಏನು ಮಾಡಿದನೆಂದು ಕುತೂಹಲಕ್ಕೆ ಕೇಳಿದೆವು. ಅವನಿಗೆ ನೆನಪಿರಲಿಲ್ಲ. ಹಪ್ಪಳದ ಕಟ್ಟನ್ನು ಹಾಸ್ಟೆಲಿಗೆ ಒಯ್ದದ್ದು, ಮೂರೇ ದಿನಗಳಲ್ಲಿ ಗೆಳೆಯರು ಮುಗಿಸಿದ್ದು ನೆನಪಿತ್ತು.

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವೇದಾಧ್ಯಯನ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವಿದೆ. ವಿಶ್ವವಿದ್ಯಾಲಯಗಳ ಘಟಿಕೋತ್ಸವಗಳಲ್ಲಿಯೂ ಅದನ್ನು ಉದ್ಧರಿಸುವುದುಂಟು. ಕೊಡುವ ಬಗೆಯನ್ನು ಹೇಳುವ ಮಾತು ಬರುವುದು ಅಲ್ಲಿಯೇ: ಶ್ರದ್ಧೆಯಿಂದ ಕೊಡಬೇಕು, ಲಜ್ಜೆಯಿಂದ ಕೊಡಬೇಕು, ಭಯದಿಂದ ಕೊಡಬೇಕು, ಅರಿತು ಕೊಡಬೇಕೆಂದು. ಎಷ್ಟೆಂಬುದನ್ನು ಆಚಾರ್ಯನು ಹೇಳಲಿಲ್ಲ. ನಾವು ಬಹಳ ಕಾಲ ಈ ಮಾತನ್ನು ಹಣವುಳ್ಳ ಗೃಹಸ್ಥರಿಗೆ ಹೇಳಿದ್ದೆಂದೇ ಗ್ರಹಿಸಿದ್ದೆವು. ಹೇಳಿದ್ದು ಆಗತಾನೆ ಓದು ಮುಗಿಸಿ, ಕೈಯಲ್ಲಿ ಕಾಸಿಲ್ಲದೆ ಎದುರಿಗೆ ನಿಂತ ಹುಡುಗನಿಗೆ. ನಾವು ಲಕೋಟೆ ಇಡುವಾಗ ನಮ್ಮ ಕೈಯನ್ನು ನೋಡುತ್ತಿರುವವನೂ ಅವನೇ.

ತಂಗಿಯ ಮಗಳು ಪಿ.ಯು.ಸಿ.ಯ ಬಳಿಕ ಬಿ.ಕಾಂ. ಮುಗಿಸಿ ಈಗ ಕುಂದಾಪುರದ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಸಂಬಳ ಹೆಚ್ಚೇನಿಲ್ಲ. ಕಳೆದ ವೈಶಾಖದಲ್ಲಿ ಕುಟುಂಬದ ಮೂವರು ಮಕ್ಕಳು ಪರೀಕ್ಷೆ ಬರೆದಿದ್ದರು. ಒಬ್ಬನಿಗೆ ಗಣಿತ ಹೋಗಿತ್ತು. ಮೂಲಮನೆಯ ಚಾವಡಿಯಲ್ಲಿ ಅವಳು ನಮ್ಮ ಪಕ್ಕದಲ್ಲೇ ಕುಳಿತಿದ್ದಳು. ಮೂವರಿಗೂ ಒಂದೊಂದು ಲಕೋಟೆ ಕೊಟ್ಟಳು. ಗಣಿತ ಹೋದವನನ್ನು ಆಮೇಲೆ ತೋಟದ ಕಡೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿ ಬಂದಳು. ಎಷ್ಟು ಇಟ್ಟಿದ್ದಳೆಂದು ನಾವು ಕೇಳಲಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.